ಇಪ್ಪತ್ನಾಲ್ಕು ಕೋಟು, ಒಂದು ಮೀನು

ನಮ್ಮ ಲಾಂಡ್ರಿಯಿಂದ ಯಾವ ಬಟ್ಟೆಯೂ ನನ್ನ ಮೂಗಿನ ಅಪ್ಪಣೆ ಇಲ್ಲದೆ ಹೊರಗೆ ಹೋಗುವುದಿಲ್ಲ. ಒಗೆಯುವುದು ನನ್ನ ಓರಗಿತ್ತಿ, ಇಸ್ತ್ರಿ ಮಾಡುವುದು ನಾನು. ಮಡಿಸುವ ಮೊದಲು ಕಂಕುಳ ಭಾಗವನ್ನು ಮೂಗಿಗೆ ಹಿಡಿದು ಉಸಿರೆಳೆಯುತ್ತೇನೆ. ಬೆವರಿನದೋ ಹೊಗೆಯದೋ ಸುಳಿವು ಸಿಕ್ಕರೆ ಬಟ್ಟೆ ಮತ್ತೆ ತೊಟ್ಟಿಗೆ. ಇಪ್ಪತ್ತೆಂಟು ವರ್ಷದಿಂದ ಇದೇ ಪದ್ಧತಿ. ನಗುವವರು ನಗಲಿ.

ಮೂಗು ಚೆನ್ನಾಗಿತ್ತು, ತಲೆ ಕೈಕೊಡತೊಡಗಿತ್ತು. ಹೋದ ತಿಂಗಳು ವಾದ್ಯತಂಡದ ಮೇಷ್ಟ್ರ ಗಂಟಿಗೆ ದೊಡ್ಡ ಡೋಲಿನವನ ಕೋಟು ಹಾಕಿ ಕಳಿಸಿಬಿಟ್ಟೆ. ಸಭೆಯ ಮುಂದೆ ಮೇಷ್ಟ್ರು ಕೈ ಎತ್ತಿದಾಗ ಕೋಟಿನೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗ ಇತ್ತಂತೆ. ಮರುದಿನ ಅಂಗಡಿಗೆ ಬಂದರು.

"ನೋಡಿ ಅಮ್ಮ, ನಿಮಗೂ ವಯಸ್ಸಾಯ್ತು. ಇನ್ನೊಂದು ಸಲ ಅದಲುಬದಲಾದ್ರೆ ಎದುರಿನ ಮಷೀನ್ ಲಾಂಡ್ರಿಗೆ ಕೊಡ್ತೀವಿ."

ಐವತ್ತೆರಡು ಒಂದು ವಯಸ್ಸೇ? ಮೈಯೆಲ್ಲ ಉರಿಯಿತು. ನಮ್ಮ ಅಂಗಡಿ ನಿಂತಿರುವುದೇ ಆ ತಂಡದ ಕೋಟುಗಳ ಮೇಲೆ.

ಮನೆಯಲ್ಲಿ ಸೊಸೆಗೆ ಆರು ತಿಂಗಳು. ಡಾಕ್ಟರು ಅವಳಿಗೆ ಕೋಲೀನ್ ಮಾತ್ರೆ ಬರೆದುಕೊಟ್ಟಿದ್ದರು, ಕೂಸಿನ ಮೆದುಳು ಬೆಳೆಯಲು ಬೇಕಂತೆ. ಮೆದುಳನ್ನೇ ಕಟ್ಟುವ ಮಾತ್ರೆ, ಕಟ್ಟಿ ಹಳತಾದದ್ದನ್ನು ರಿಪೇರಿ ಮಾಡದೆ ಬಿಡುತ್ತದೆಯೇ? ಯಾರನ್ನೂ ಕೇಳದೆ ನನಗೂ ಒಂದು ಡಬ್ಬಿ ತಂದೆ. ಮೇಲೆ ದಿನಕ್ಕೊಂದು ಎಂದು ಬರೆದಿತ್ತು. ನನ್ನ ತಲೆ ದೊಡ್ಡದು, ಮರೆವೂ ದೊಡ್ಡದು. ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ನುಂಗಿದೆ.

ಬುಧವಾರ ತಂಡದ ಇಪ್ಪತ್ನಾಲ್ಕು ಕೋಟು ಬಂದವು. ಶನಿವಾರ ನಾಲ್ಕಕ್ಕೆ ಅವರ ಕಾರ್ಯಕ್ರಮ. ಒಂದೊಂದು ಕಾಲರಿನ ಒಳಗೂ ನಮ್ಮ ಶಾಯಿಯಲ್ಲಿ ನಂಬರು ಹಾಕಿದೆವು. ಗಿರಾಕಿಯ ಬಟ್ಟೆಯಲ್ಲಿ ಕಲೆ ಉಳಿಯಬಾರದೆಂದು ಎರಡು ಒಗೆತಕ್ಕಷ್ಟೇ ತಡೆಯುವ ಶಾಯಿ ಅದು.

ಗುರುವಾರ ಮೊದಲ ಕೋಟು ಮೂಸಿದೆ. ಮೀನು. ಎರಡನೆಯದು, ಮೀನು. ಇಪ್ಪತ್ನಾಲ್ಕೂ ಮೀನು.

"ಏನೇ, ತೊಟ್ಟೀಲಿ ಮೀನು ಸಾಕಿದ್ದೀಯಾ?"

"ಸಾಕಿದ್ರೆ ನಿಮ್ಮ ಬಾಯಿಗೆ ಹೆದರಿ ಎಂದೋ ಸತ್ತಿರೋದು, ಅಕ್ಕ," ಎಂದಳು ಓರಗಿತ್ತಿ.

ಮತ್ತೆ ಒಗೆಸಿದೆ. ಮತ್ತೆ ಮೀನು. ಸೋಪು ಬದಲಾಯಿಸಿದೆ, ನೀರು ಬದಲಾಯಿಸಿದೆ, ಓರಗಿತ್ತಿಯೊಬ್ಬಳನ್ನು ಬದಲಾಯಿಸಲಿಲ್ಲ. ನಾಲ್ಕು ಸಲ ಒಗೆದು ಅವಳ ಬೆರಳು ಸುಕ್ಕಾದವು. ನನಗೋ ಧಾರಾಕಾರ ಬೆವರು, ಹೊಟ್ಟೆ ಕೆಟ್ಟು ಹಿಂದಿನ ಬಾಗಿಲಿಗೆ ಓಡಾಟ. ಇಸ್ತ್ರಿ ಮೇಜಿನ ಮುಂದೆ ನಿಂತರೆ ಕಣ್ಣು ಕತ್ತಲೆ ಕಟ್ಟುತ್ತಿತ್ತು. ಸಿಟ್ಟಿನಿಂದ ಇರಬೇಕು ಅಂದುಕೊಂಡೆ.

ಶನಿವಾರ ಮಧ್ಯಾಹ್ನ ಸೊಸೆ ಊಟದ ಡಬ್ಬಿ ತಂದಳು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಂತಳು.

"ಅತ್ತೆ, ಬೈಬೇಡಿ. ವಾಸನೆ ಕೋಟಿಂದಲ್ಲ. ಮೂರು ದಿನದಿಂದ ನೀವು ಹತ್ರ ಬಂದ್ರೆ ವಾಂತಿ ಬರ್ತಿದೆ. ಬಸುರಿ ಮೂಗು ಅಂತ ಸುಮ್ನಿದ್ದೆ."

ಓರಗಿತ್ತಿ ಸರಸರ ಬಂದು ನನ್ನ ಕುತ್ತಿಗೆ ಮೂಸಿದಳು. "ಅಕ್ಕ, ಮೀನು ನೀವೇ."

ಇಬ್ಬರೂ ಸೇರಿ ನನ್ನನ್ನು ಪಕ್ಕದ ಔಷಧಿ ಅಂಗಡಿಗೆ ಎಳೆದುಕೊಂಡು ಹೋದರು. ಹಿಡಿ ಎಂದರೆ ಎಷ್ಟೆಂದು ಅಂಗಡಿಯವರು ಕೇಳಿದರು. ತೋರಿಸಿದೆ. ಕನ್ನಡಕ ತೆಗೆದಿಟ್ಟರು.

"ಇಷ್ಟು ನುಂಗಿದ್ರೆ ಬೆವರಲ್ಲಿ ಮೀನಿನ ವಾಸನೆ ಬರುತ್ತೆ, ಹೊಟ್ಟೆ ಕೆಡುತ್ತೆ, ಬಿಪಿ ಇಳಿದು ತಲೆ ಸುತ್ತುತ್ತೆ. ಮೊದಲು ನಿಲ್ಸಿ. ತಲೆಸುತ್ತು ಕಡಿಮೆ ಆಗ್ಲಿಲ್ಲ ಅಂದ್ರೆ ಇವತ್ತೇ ಡಾಕ್ಟ್ರನ್ನ ನೋಡಿ."

"ಹಾಗಾದ್ರೆ ಸೊಸೆಗೆ?"

"ಅವರಿಗೆ ಬೇಕು. ಡಾಕ್ಟ್ರು ಹೇಳಿದಷ್ಟು ತಗೊಳ್ತಿದಾರೆ, ಮಗೂಗೆ ಒಳ್ಳೇದು. ಲಿವರಿಗೂ ಬೇಕಾದ್ದೇ ಅದು. ಮೊಟ್ಟೇಲೂ ಇರುತ್ತೆ."

"ನೆನಪಿಗೆ?"

"ಕೊರತೆ ಇದ್ದವರಿಗೆ ಏನಾದ್ರೂ ಉಪಯೋಗ ಆಗಬಹುದು. ನಾಲ್ಕು ದಿನದಲ್ಲಿ ನೆನಪು ಬರೋ ಹಾಗಿದ್ರೆ ಈ ಅಂಗಡಿ ಮಾಲೆಲ್ಲ ನಾನೇ ನುಂಗ್ತಿದ್ದೆ, ಅಮ್ಮ."

ವಾಪಸ್ ಬಂದು ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತೆ. ಕೋಟು ಮುಟ್ಟಬಾರದೆಂದು ಸೊಸೆಯ ಕಟ್ಟಪ್ಪಣೆ. ಅವಳೇ ಒಂದೊಂದನ್ನೂ ಮೂಸಿ, "ಏನೂ ಇಲ್ಲ, ಅತ್ತೆ," ಎಂದಳು. ಓರಗಿತ್ತಿ ಇಸ್ತ್ರಿ ಹಿಡಿದಳು. ಮೊದಲ ಕಾಲರು ಮಗುಚಿದವಳು ಹಾಗೇ ನಿಂತಳು.

"ಅಕ್ಕ, ನಂಬರಿಲ್ಲ."

ಎಲ್ಲಿಂದ ಇರಬೇಕು? ನಾಲ್ಕು ಒಗೆತ. ಇಪ್ಪತ್ನಾಲ್ಕು ಕಾಲರೂ ಹಾಲಿನಂತೆ ಬೆಳ್ಳಗಿದ್ದವು. ತಂಡದವರು ಬರಲು ಇನ್ನೆರಡೇ ಗಂಟೆ ಇತ್ತು. ಎದುರಿನ ಮಷೀನ್ ಲಾಂಡ್ರಿಯವನು ತನ್ನ ಗಾಜು ಒರೆಸುತ್ತಾ ನಮ್ಮ ಕಡೆಗೇ ನೋಡುತ್ತಿದ್ದ.

"ಬೆಳಕಿಗೆ ಹಿಡಿ," ಎಂದೆ.

ಹಿಡಿದಳು. ಎರಡು ಭುಜದ ಮೇಲೂ ಪಟ್ಟಿ ಉಜ್ಜಿದ ಗುರುತು, ಹೊಟ್ಟೆಯ ಬಳಿ ನೂಲು ಸವೆದಿತ್ತು. "ದೊಡ್ಡ ಡೋಲು. ಮುಂದಿನದು." ಎದೆಯ ಮೇಲೆ ಒಗೆದರೂ ಹೋಗದ ಬೂದು ಕಮಾನು. "ಕಂಚಿನ ತಾಳದವನು, ಬಡಿದ ಮೇಲೆ ಎದೆಗೆ ಒತ್ತಿಕೊಳ್ತಾನೆ." ಬಲಗಂಕುಳು ಒಂದೇ ಹಿಗ್ಗಿದ್ದು ಮೇಷ್ಟ್ರದು, ಜೀವಮಾನವೆಲ್ಲ ಕಡ್ಡಿ ಬೀಸಿದ ಕೈ. ಹತ್ತಾಯಿತು, ಇಪ್ಪತ್ತಾಯಿತು. ಕೊನೆಗೆ ಎರಡು ಉಳಿದವು, ಟ್ರಂಪೆಟ್ ಊದುವ ಅಣ್ಣತಮ್ಮಂದಿರದು. ಒಂದೇ ಅಳತೆ, ಒಂದೇ ಸವೆತ. ಕಣ್ಣು ಮುಚ್ಚಿದೆ. ಎರಡು ವರ್ಷದ ಹಿಂದೆ ತಮ್ಮನ ಕೋಟಿನ ಮೂರನೇ ಗುಂಡಿ ಕಿತ್ತುಬಂದಿತ್ತು. ಬಿಳಿ ದಾರ ಮುಗಿದು ಒಳಗಡೆ ನೀಲಿ ದಾರ ಹಾಕಿದ್ದೆ.

"ಗುಂಡಿ ಹಿಂದೆ ನೋಡು."

ಓರಗಿತ್ತಿ ನೋಡಿದಳು. ನೀಲಿ ದಾರವನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

ಮೂರೂವರೆಗೆ ತಂಡ ಬಂತು. ರಸ್ತೆಯಲ್ಲೇ ಕೋಟು ತೊಟ್ಟರು. ಒಂದು ತೋಳೂ ಉದ್ದವಾಗಲಿಲ್ಲ, ಒಂದು ಗುಂಡಿಯೂ ಎಳೆಯಲಿಲ್ಲ. ಮೇಷ್ಟ್ರು ಕೈ ಎತ್ತಿ ಇಳಿಸಿ ನೋಡಿಕೊಂಡರು. ಆಮೇಲೆ ಮೂಗರಳಿಸಿದರು.

"ಅಮ್ಮ, ಇಲ್ಲೇನೋ ಮೀನು..."

"ಅದು ನಾನು. ಕೋಟು ಬೇಕಾದ್ರೆ ಮೂಸಿ ನೋಡಿ."

ಮೂಸಿದರು. ಅವರನ್ನು ನೋಡಿ ಉಳಿದವರೂ ಮೂಸಿದರು. ನಡುರಸ್ತೆಯಲ್ಲಿ ಇಪ್ಪತ್ನಾಲ್ಕು ಜನ ತಮ್ಮ ತಮ್ಮ ಕಂಕುಳಿಗೆ ಮೂಗು ತೂರಿಸಿ ನಿಂತಿದ್ದರು. ಎದುರಿನವನ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ನಿಂತಿತ್ತು.

"ಮುಂದಿನ ತಿಂಗಳು ಟೋಪೀನೂ ಕಳಿಸ್ತೀನಿ," ಎಂದು ಮೇಷ್ಟ್ರು ಕೈ ಎತ್ತಿದರು. ಡೋಲಿಗೆ ಪೆಟ್ಟು ಬಿತ್ತು. ನಮ್ಮ ಅಂಗಡಿಯ ಮುಂದಿನಿಂದಲೇ ಬಾರಿಸಿಕೊಂಡು ಹೊರಟರು.