ಲೈಬ್ರರಿ ಮೇಡಂ ಕೇಳಿದ ಎಂಟು ಪ್ರಶ್ನೆ

ಮೂವತ್ತು ವರ್ಷ ಹುಡುಗಿಯರ ಶಾಲೆಯ ಲೈಬ್ರರಿ ನೋಡಿಕೊಂಡವಳಿಗೆ ಮನುಷ್ಯರ ಮೇಲೆ ನಂಬಿಕೆ ಉಳಿದಿದ್ದರೆ ಅದೇ ದೊಡ್ಡದು. ವಾಪಸ್ ಬಂದ ಪ್ರತಿ ಪುಸ್ತಕವನ್ನೂ ಬೆಳಕಿಗೆ ಹಿಡಿದು ನೋಡುವವಳು ನಾನು. ಹಾಳೆ ಹರಿದಿದೆಯೇ, ಚಿತ್ರ ಕತ್ತರಿಸಿದ್ದಾರೆಯೇ, ಎಣ್ಣೆ ಬೆರಳು ಎಲ್ಲೆಲ್ಲಿ ಬಿದ್ದಿದೆ. "ನಾನಲ್ಲ ಮೇಡಂ, ಮೊದಲೇ ಹಾಗಿತ್ತು" ಅನ್ನುವವಳ ಕಿವಿ ಕೆಂಪಾಗಿದೆಯೇ ಅಂತಲೂ ನೋಡುತ್ತೇನೆ. ಪುಸ್ತಕ ತಡವಾದರೆ ಬಾಯಿ ನೋಯಿಸಿಕೊಳ್ಳುವುದಿಲ್ಲ. ಅಪ್ಪನ ಹೆಸರಿಗೆ ಒಂದು ಚೀಟಿ ಹೋಗುತ್ತದೆ, ಮೂರನೇ ದಿನ ಪುಸ್ತಕ ಮೇಜಿನ ಮೇಲಿರುತ್ತದೆ.

ಎಲ್ಲೆಲ್ಲೂ ಕಾಯಿಲೆ ಹಬ್ಬಿ ಶಾಲೆಗೆ ಬೀಗ ಬಿತ್ತು. ಪಾಠವೆಲ್ಲ ಮೊಬೈಲಿನೊಳಗೆ ಹೋಯಿತು. ಲೈಬ್ರರಿಗೆ ಬರುವವರು ಯಾರೂ ಇಲ್ಲವಾದಾಗ ಹೆಡ್ ಮೇಡಂ ನನಗೊಂದು ಹಾಳೆ ಕಳಿಸಿದರು. ಒಂಬತ್ತನೇ ಕ್ಲಾಸಿನ ಹದಿನೆಂಟು ಹುಡುಗಿಯರಿಗೆ ವಾರಕ್ಕೊಮ್ಮೆ ಫೋನ್ ಮಾಡಿ ಎಂಟು ಪ್ರಶ್ನೆ ಕೇಳಬೇಕು. ಊಟ ಸೇರುತ್ತಿದೆಯಾ, ನಿದ್ದೆ ಬರುತ್ತಿದೆಯಾ, ಯಾರ ಜೊತೆಗಾದರೂ ಮಾತಾಡುತ್ತಿದ್ದೀಯಾ, ಹೀಗೆ. ಮಕ್ಕಳ ಮನಸ್ಸು ಕುಗ್ಗಬಾರದು ಅಂತ ಈ ಏರ್ಪಾಡು. ಕೆಳಗೆ 'ಕೈಗೊಂಡ ಕ್ರಮ' ಅಂತ ಒಂದು ಖಾಲಿ ಸಾಲು ಇತ್ತು.

ಮೊದಲನೇ ವಾರವೇ ಆ ಸಾಲು ತುಂಬಿಸುವ ಅವಕಾಶ ಬಂತು. ಒಬ್ಬ ಹುಡುಗಿಯನ್ನು ಇಡೀ ಶಾಲೆ ಮಾತಿನಮಲ್ಲಿ ಅಂತಲೇ ಕರೆಯುತ್ತಿತ್ತು. ಲೈಬ್ರರಿಯಲ್ಲಿ ನಾನು ಅತಿ ಹೆಚ್ಚು ಸಲ 'ಶ್' ಅಂದದ್ದು ಅವಳಿಗೇ. ಅವಳು ಫೋನಿನಲ್ಲಿ ಸಣ್ಣ ದನಿಯಲ್ಲಿ ಹೇಳಿದಳು, "ಬೆಳಗಿನ ಜಾವ ಮೂರಾದ್ರೂ ಕಣ್ಣು ಮುಚ್ಚಲ್ಲ ಮೇಡಂ. ಅನ್ನ ಒಳಗೆ ಇಳಿಯಲ್ಲ. ಯಾಕೆ ಅಂತ ಗೊತ್ತಾಗ್ತಿಲ್ಲ." ನಾನು ತಡಮಾಡಲಿಲ್ಲ. ಅವಳ ಅಪ್ಪನಿಗೆ ಚೀಟಿ ಬರೆದೆ. ನಿಮ್ಮ ಮಗಳು ಮೂರು ಗಂಟೆಯವರೆಗೆ ಎಚ್ಚರವಿರುತ್ತಾಳೆ, ಸರಿಯಾಗಿ ಊಟ ಮಾಡುತ್ತಿಲ್ಲ, ದಯವಿಟ್ಟು ಗಮನಿಸುವುದು. ಲೈಬ್ರರಿ ಚೀಟಿಯ ಒಕ್ಕಣೆಯೇ, ಪುಸ್ತಕದ ಹೆಸರಿರುವ ಕಡೆ ನಿದ್ದೆ ಬಂದಿತ್ತು ಅಷ್ಟೆ.

ಮುಂದಿನ ವಾರ ಮಲ್ಲಿ, "ಎಲ್ಲಾ ಚೆನ್ನಾಗಿದೆ ಮೇಡಂ" ಅಂದಳು. ಅದರ ಮುಂದಿನ ವಾರ ಹದಿನೆಂಟು ಜನವೂ ಅದನ್ನೇ ಅಂದರು. ಚೀಟಿಯ ಮಹಿಮೆ ಅಂದುಕೊಂಡು ನಾನು ಬೀಗಿದೆ. ಎಲ್ಲದರಲ್ಲೂ ಹುಳುಕು ಹುಡುಕುವವಳು ಇದೊಂದನ್ನು ಕಣ್ಣು ಮುಚ್ಚಿ ನಂಬಿದೆ.

ನನ್ನ ಅನುಮಾನ ಬಿದ್ದದ್ದು ಬೇರೊಬ್ಬಳ ಮೇಲೆ. ಗುಬ್ಬಚ್ಚಿ ಅಂತ ಅವಳನ್ನು ಕರೆಯುತ್ತಿದ್ದರು, ಕ್ಲಾಸಿಗೆಲ್ಲ ಚಿಕ್ಕವಳು. ಹೆಡ್ ಮೇಡಂ ಹೇಳಿದಂತೆ ನಾನು ಪಾಠಗಳ ಮಧ್ಯೆ ಸದ್ದಿಲ್ಲದೆ ಇಣುಕಿ ನೋಡುತ್ತಿದ್ದೆ. ಹನ್ನೊಂದು ಗಂಟೆಯ ಗಣಿತದಲ್ಲಿ ಗುಬ್ಬಚ್ಚಿ ನೆಟ್ಟಗೆ ಕೂತು, ತಲೆಯಾಡಿಸಿ, ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅವಳ ಬೆನ್ನ ಹಿಂದಿನ ಕಿಟಕಿಯ ಮೇಲೆ ಒಂದು ಬೂದು ಬೆಕ್ಕು ಎಡದಿಂದ ಬಲಕ್ಕೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಎಡದಿಂದ ಬಲಕ್ಕೆ. ಒಂದೇ ಪಾಠದಲ್ಲಿ ಏಳು ಸಲ ಹೋಯಿತು, ಒಂದು ಸಲವೂ ವಾಪಸ್ ಬರಲಿಲ್ಲ.

ಗಣಿತದ ಮೇಷ್ಟ್ರು ಪಾಪ, ಬೋರ್ಡಿನ ಕಡೆ ಮುಖ ಮಾಡಿ ಲೆಕ್ಕ ಬಿಡಿಸುತ್ತಿದ್ದರು. ಅವರ ಕಣ್ಣಿಗೆ ಮಣ್ಣೆರಚಬಹುದು, ನನ್ನ ಕಣ್ಣಿಗಲ್ಲ. ಹುಡುಗಿ ಆರು ನಿಮಿಷದ ವಿಡಿಯೋ ತೆಗೆದು ಅದನ್ನೇ ತಿರುಗಿಸಿ ತಿರುಗಿಸಿ ಹಾಕಿದ್ದಳು. ಹಾಗಾದರೆ ಹನ್ನೊಂದು ಗಂಟೆಗೆ ಅವಳು ಎಲ್ಲಿರುತ್ತಾಳೆ? ಯಾರ ಜೊತೆ? ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಹದಿನಾಲ್ಕು ವರ್ಷದ ಹುಡುಗಿ ಹೀಗೆ ಸುಳ್ಳಿನ ಮುಖ ಇಟ್ಟು ಮಾಯವಾದರೆ ಕಾರಣ ಒಂದೇ ಅಂತ ನಾನಾಗಲೇ ತೀರ್ಮಾನ ಮಾಡಿಯಾಗಿತ್ತು. ಅವಳ ಅಪ್ಪನ ಹೆಸರಿಗೆ ಚೀಟಿ ಬರೆದು ಕೈಚೀಲದಲ್ಲಿಟ್ಟುಕೊಂಡೆ. ಕಣ್ಣಾರೆ ಕಂಡ ಮೇಲೆ ಕೊಡೋಣ ಅಂತ ಮರುದಿನ ಗಣಿತದ ಹೊತ್ತಿಗೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಹೊರಟೆ.

ಬಾಗಿಲು ತೆಗೆದದ್ದು ಅವಳ ತಾಯಿ. ಬಟ್ಟೆ ಹೊಲಿಯುವವರು, ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು. "ವಾಪಸ್ ಬರಬೇಕಾದ ಪುಸ್ತಕ ಒಂದಿದೆ" ಅಂದೆ. ಸುಳ್ಳು ಹೇಳುವುದರಲ್ಲಿ ನಾನೇನೂ ಕಡಿಮೆಯಿಲ್ಲ.

"ಕ್ಲಾಸಲ್ಲಿದಾಳೆ ಮೇಡಂ. ಮುಗಿಯೋವರೆಗೂ ನಾನೂ ಒಳಗೆ ಹೋಗಲ್ಲ" ಅಂತ ಮುಚ್ಚಿದ ಕೋಣೆ ತೋರಿಸಿದರು. ಎಷ್ಟು ಹೆಮ್ಮೆ ಆ ಮುಖದಲ್ಲಿ. ಅವರು ಮಿಷನ್ನಿಗೆ ವಾಪಸಾದ ಮೇಲೆ ಬಾಗಿಲು ದೂಡಿದೆ. ಮೇಜಿನ ಮೇಲೆ ಮೊಬೈಲು, ಅದರೊಳಗೆ ತಲೆಯಾಡಿಸುವ ಗುಬ್ಬಚ್ಚಿ. ಕುರ್ಚಿ ಖಾಲಿ. ಆ ಬೂದು ಬೆಕ್ಕು ಹಾಸಿಗೆಯ ಮೇಲೆ ಮಲಗಿತ್ತು. ಕೋಣೆಯ ಹಿಂಬಾಗಿಲಿನಿಂದ ತಾರಸಿಗೆ ಮೆಟ್ಟಿಲು.

ಚಪ್ಪಲಿ ಬಿಟ್ಟು ಹತ್ತಿದೆ. ನೀರಿನ ಟ್ಯಾಂಕಿನ ಮರೆಯಿಂದ ಪಿಸುಮಾತು ಕೇಳಿಸಿತು. ಸಿಕ್ಕಿಬಿದ್ದಳು ಅಂತ ಕಿವಿ ನೆಟ್ಟಗಾಯಿತು.

"ಇನ್ನೊಂದು ತುತ್ತು. ಅಗಿ, ನಂಗೆ ಕೇಳಿಸ್ಬೇಕು. ಅಪ್ಪ ಆಫೀಸ್ ಮೀಟಿಂಗಿಗೆ ಒಳಗೆ ಹೋದ್ರು ತಾನೆ? ಸರಿ, ಈಗ ಹೇಳು, ನಿನ್ನೆ ಎಷ್ಟೊತ್ತು ಮಲಗಿದ್ದೆ?"

ಇಣುಕಿದೆ. ಗುಬ್ಬಚ್ಚಿಯ ಕೈಯಲ್ಲಿ ಅಜ್ಜಿಯದೋ ಏನೋ, ಒಂದು ಹಳೆಯ ಬಟನ್ ಫೋನು. ಅದರ ಸ್ಪೀಕರಿನಿಂದ ಇನ್ನೊಂದು ದನಿ ಬಂತು. "ಚೆನ್ನಾಗಿ ಮಲಗಿದ್ದೆ."

"ನನ್ನ ಹತ್ರ ಹಾಗನ್ಬೇಡ ಕಣೇ. ನಿಜ ಹೇಳು. ನಾನೇನು ಲೈಬ್ರರಿ ಮೇಡಮ್ಮಾ?"

ಫೋನಿನೊಳಗಿನ ದನಿ ಮಲ್ಲಿಯದು. ಅಲ್ಲೇ ಗೋಡೆ ಹಿಡಿದು ನಿಂತೆ. ಕೈಚೀಲ ಗೋಡೆಗೆ ತಾಗಿದ ಸದ್ದಿಗೆ ಗುಬ್ಬಚ್ಚಿ ತಿರುಗಿದಳು. ಹೆದರುತ್ತಾಳೆ ಅಂದುಕೊಂಡಿದ್ದೆ. ಹೆದರಲಿಲ್ಲ. ಫೋನನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನನ್ನನ್ನೇ ದಿಟ್ಟಿಸಿದಳು. ಪುಸ್ತಕ ಹರಿದವಳನ್ನು ನಾನು ನೋಡುವ ಹಾಗೆ.

"ಚೀಟಿ ತಂದಿದ್ದೀರಾ ಮೇಡಂ?" ಅಂದಳು.

ನಾನು ಕೈಚೀಲದ ಬಾಯಿ ಮುಚ್ಚಿ ಹಿಡಿದೆ.

"ಅವಳ ಅಪ್ಪನಿಗೆ ಬರೆದ್ರಲ್ಲ, ಮೂರು ಗಂಟೆವರೆಗೂ ಎಚ್ಚರ ಅಂತ. ಅವರಿಗೆ ಯಾರೋ ಹುಡುಗನ ಜೊತೆ ಮಾತಾಡ್ತಾಳೆ ಅಂತ ಅನುಮಾನ ಬಂತು. ಆವತ್ತೇ ಫೋನ್ ಕಿತ್ಕೊಂಡ್ರು. ಈಗ ಪಾಠಕ್ಕೆ ಕೊಡ್ತಾರೆ, ಪಕ್ಕದಲ್ಲೇ ಕೂತಿರ್ತಾರೆ. ನೀವು ಫೋನ್ ಮಾಡ್ದಾಗ ಸ್ಪೀಕರ್ ಹಾಕಿ ಕೇಳ್ತಾರೆ. ಹನ್ನೊಂದಕ್ಕೆ ಮಾತ್ರ ಎದ್ದು ಹೋಗ್ತಾರೆ. ಆಗ ಅವಳ ಆ ಫೋನಿಗೇ ಕರೆ ಮಾಡಿ ನಾನು ಮಾತಾಡದಿದ್ರೆ ಅವಳು ಇಡೀ ದಿನ ಏನೂ ತಿನ್ನಲ್ಲ." ಬೆನ್ನ ಹಿಂದಿನ ಫೋನನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಅದಾದ್ಮೇಲೆ ಕ್ಲಾಸಲ್ಲಿ ಯಾರೂ ನಿಮಗೆ ನಿಜ ಹೇಳ್ತಿಲ್ಲ ಮೇಡಂ. ಇದನ್ನೂ ಬರೆದ್ರೆ ಈ ನಲವತ್ತು ನಿಮಿಷನೂ ಹೋಗತ್ತೆ."

ಹುಡುಗ. ಆ ಅಪ್ಪ ಯೋಚಿಸಿದ್ದನ್ನೇ ನಾನೂ ಯೋಚಿಸಿ ಮೆಟ್ಟಿಲು ಹತ್ತಿದ್ದೆ. ಕೈಚೀಲದಿಂದ ಚೀಟಿ ತೆಗೆದು ಅವಳಿಗೇ ಕೊಟ್ಟೆ. ಓದಿದಳು, ಮಡಚಿದಳು, ಹರಿಯಲಿಲ್ಲ. ಸಾಕ್ಷಿಗಿರಲಿ ಅಂತಲೋ ಏನೋ ಜೇಬಿನಲ್ಲಿಟ್ಟುಕೊಂಡಳು. ನನ್ನ ಬುದ್ಧಿಯೇ.

"ಯಾರೇ ಅದು?" ಅಂತ ಫೋನಿನಿಂದ ದನಿ ಬಂತು.

ಗುಬ್ಬಚ್ಚಿ ಜೇಬಿನ ಚೀಟಿಯನ್ನೊಮ್ಮೆ ಮುಟ್ಟಿಕೊಂಡು ಫೋನನ್ನು ನನ್ನ ಕಡೆ ಚಾಚಿದಳು.

"ನಾನಮ್ಮ, ಲೈಬ್ರರಿ ಮೇಡಂ" ಅಂದೆ. ಆ ಕಡೆ ಅಗಿಯುವುದು ನಿಂತಿತು. "ತಪ್ಪು ನನ್ನದು. ನೀನು ನನ್ನನ್ನು ನಂಬಿ ಹೇಳಿದ್ದನ್ನ ಪುಸ್ತಕದ ಲೆಕ್ಕದಲ್ಲಿ ಬರೆದುಬಿಟ್ಟೆ. ನಿಮ್ಮ ಅಪ್ಪನ ಹತ್ರ ನಾನೇ ಬಂದು ಮಾತಾಡ್ತೀನಿ, ನಿನ್ನನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗೋಕೆ ಒಪ್ಪಿಸ್ತೀನಿ. ಯಾವಾಗ ಬರಲಿ, ಏನು ಹೇಳಲಿ, ನೀನೇ ಹೇಳು. ನೀನು ಹೇಳೋವರೆಗೂ ದಿನಾ ಈ ಹೊತ್ತಿಗೆ ನಾನೂ ಇಲ್ಲಿರ್ತೀನಿ."

ಫೋನ್ ಇಟ್ಟುಬಿಟ್ಟಳು ಅಂದುಕೊಂಡೆ. ಇಟ್ಟಿರಲಿಲ್ಲ, ಉಸಿರು ಕೇಳಿಸುತ್ತಿತ್ತು. ಅವಳೂ ನನ್ನನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಮೇಡಂ" ಅಂದಳು ಕೊನೆಗೆ. "ನಿಮಗೆ ನಿದ್ದೆ ಬರುತ್ತಾ?"

ಚೆನ್ನಾಗಿ ಬರುತ್ತೆ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಶಾಲೆಗೆ ಬೀಗ ಬಿದ್ದಾಗಿನಿಂದ ಒಂಟಿ ಮನೆಯಲ್ಲಿ ಗೋಡೆ ನೋಡುತ್ತ ಮಲಗುವವಳನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಇಲ್ಲಮ್ಮ. ಬರಲ್ಲ."

"ನಂಗೂ ಇಲ್ಲ" ಅಂದಳು ಮಲ್ಲಿ. "ನಿನ್ನೆ ಒಂದು ಗಂಟೆನೂ ಮಲಗಿಲ್ಲ."

ಗಣಿತ ಮುಗಿಯಲು ಇನ್ನೂ ಹನ್ನೆರಡು ನಿಮಿಷ ಇತ್ತು. ಗುಬ್ಬಚ್ಚಿ ಸರಿದು ಕೂತು ಜಾಗ ಬಿಟ್ಟಳು. ನಾನು ಟ್ಯಾಂಕಿನ ಕಟ್ಟೆಯ ಮೇಲೆ ಅವಳ ಪಕ್ಕ ಕೂತು, "ಹೇಳಮ್ಮ, ಕೇಳ್ತಿದ್ದೀನಿ" ಅಂದೆ.