ಕಾಂತೇಶನ ಕೈಸನ್ನೆ

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಅಲ್ತಮಶ ಜೀಪಿಗೆ ಡೇರೆ, ನೀರಿನ ಕ್ಯಾನು, ಜಗ್ಗುವ ಹಗ್ಗ ಎಲ್ಲ ಹೇರಿ ಮುಗಿಸಿದ್ದ. ಬೈಲಹೊಂಗಲದಲ್ಲಿ ಟೈರಿನ ಅಂಗಡಿ ಇಟ್ಟುಕೊಂಡಿದ್ದ ಅವನು, ಬಿಡುವು ಸಿಕ್ಕರೆ ಸಾಕು, ಗೆಳೆಯರನ್ನು ಕಟ್ಟಿಕೊಂಡು ಗುಡ್ಡಗಾಡಿಗೆ ಹೊರಡುವವನು. ದಾರಿ ಇಲ್ಲದ ಕಡೆ ಮೊದಲ ಗಾಡಿ ಯಾವಾಗಲೂ ಅವನದೇ. ಉಳಿದವರು ಅವನ ಚಕ್ರದ ಗುರುತು ಹಿಡಿದು ಹಿಂದೆ ಬರುತ್ತಿದ್ದರು.

ಹೆಂಡತಿ ಮಹೇಕ್ ಬಾಗಿಲಲ್ಲಿ ನಿಂತಿದ್ದಳು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಹೇಳಿದ್ದನ್ನು ಅವನ ಪಕ್ಕದಲ್ಲಿ ಕುಳಿತು ಕೇಳಿಸಿಕೊಂಡವಳು ಅವಳೊಬ್ಬಳೇ. ಕಣ್ಣಿನ ಒಳಪದರ ಅಂಚಿನಿಂದ ಸಾಯುತ್ತ ಬಂದಿದೆ, ಔಷಧವಿಲ್ಲ. ಎದುರಿನದು ಇನ್ನಷ್ಟು ವರ್ಷ ಕಂಡೀತು, ಅಕ್ಕಪಕ್ಕದ್ದು ಆಗಲೇ ಹೋಗಿದೆ. ಇವತ್ತಿನಿಂದ ಗಾಡಿ ಓಡಿಸಬೇಡಿ ಎಂದಿದ್ದರು.

"ಹೋಗಬ್ಯಾಡ್ರಿ," ಅಂದಳು ಮಹೇಕ್. "ಹೋಗೂದ ಆದ್ರ ಕಾಂತೇಶಣ್ಣಗರ ಹೇಳ್ರಿ. ಗಾಡಿ ಅವ್ರು ಹೊಡೀತಾರ."

"ಇದೊಂದ ಸಲ. ಬಂದ ಮ್ಯಾಲೆ ನಾನ ಹೇಳತೇನಿ."

"ಹ್ವಾದ ಸಲಾನೂ ಹಿಂಗ ಅಂದಿದ್ರಿ."

ಅಲ್ತಮಶ ಗಾಡಿ ಚಾಲೂ ಮಾಡಿದ.

ಕಾಂತೇಶ ನೇಸರಗಿಯಿಂದ ಮೊದಲ ಬಸ್ಸಿಗೆ ಬಂದಿದ್ದ. ಅವನೂ ಅಲ್ತಮಶನೂ ಅಲ್ಲಿ ಒಂದೇ ಶಾಲೆಯಲ್ಲಿ ಕಲಿತವರು. ಕರೆಂಟಿನ ಲೈನ್‌ಮ್ಯಾನ್ ಕೆಲಸದಲ್ಲಿದ್ದ ಅವನಿಗೆ ಸ್ವಂತ ಗಾಡಿ ಇರಲಿಲ್ಲ. ಆದರೆ ಇಳಿಜಾರು, ಕೊರಕಲು ಬಂದಲ್ಲಿ ಕೆಳಗಿಳಿದು, ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ ಕೈಸನ್ನೆಯಲ್ಲೇ ಚಕ್ರ ಇಡುವ ಜಾಗ ತೋರಿಸುವವನು ಅವನೇ. ಎಲ್ಲರಿಗೂ ಅವನು ಕಲಿಸಿದ್ದು ಒಂದೇ ಮಾತು: ನನ್ನ ಕೈ ಕಾಣಲಿಲ್ಲ ಅಂದರೆ ಗಾಡಿ ನಿಲ್ಲಬೇಕು.

ಸವದತ್ತಿ ದಾಟಿ, ಉಗರಗೋಳದಲ್ಲಿ ಚಹಾ ಕುಡಿದು, ಜೀಪುಗಳು ರಾಮದುರ್ಗದ ಕಡೆಯ ಕುರುಚಲು ಗುಡ್ಡಗಳನ್ನು ಹೊಕ್ಕವು. ದಿನವಿಡೀ ಜಾಲಿ ಮುಳ್ಳು ಮೈಗೆ ಉಜ್ಜಿಸಿಕೊಳ್ಳುತ್ತ, ಕೆಂಪು ಕಲ್ಲಿನ ಮೇಲೆ ತೆವಳಿ, ಇಳಿಹೊತ್ತಿಗೆ ಒಂದು ಬಯಲು ಹಿಡಿದು ಡೇರೆ ಹಾಕಿದರು. ಹೊತ್ತು ಮುಳುಗುತ್ತಲೇ ಅಲ್ತಮಶನಿಗೆ ಒಲೆಯ ಉರಿಯೊಂದು ಬಿಟ್ಟು ಜಗತ್ತೇ ಅಳಿಸಿಹೋಯಿತು. ಮೇಲೆದ್ದವನು ಡೇರೆಯ ಹಗ್ಗಕ್ಕೆ ಕಾಲು ಸಿಕ್ಕಿ ಮುಗ್ಗರಿಸಿ ಬಿದ್ದ. ಬೈಲಹೊಂಗಲದಲ್ಲಿ ಔಷಧದ ಅಂಗಡಿ ಇಟ್ಟಿದ್ದ ಮಲ್ಲಿಕಾರ್ಜುನ ಹೊಟ್ಟೆ ಹಿಡಿದು ನಕ್ಕ.

"ಒಂದ ಹನಿ ಮುಟ್ಟದಾವ ಹಿಂಗ ಬಿದ್ರ, ನಮ್ಮ ಗತಿ ಏನೋ!"

ಕಾಂತೇಶ ಮಾತ್ರ ನಗಲಿಲ್ಲ. ಎಬ್ಬಿಸಿ ಕೂಡಿಸಿ, ಪಕ್ಕದಲ್ಲೇ ಕುಳಿತ. "ಏನರ ಆಗೇತೇನೋ? ನನಗ ಹೇಳು."

ಹೇಳಿಬಿಡಬೇಕು ಅನಿಸಿತು ಅಲ್ತಮಶನಿಗೆ. ಹೇಳಿದರೆ ನಾಳೆ ಮೊದಲ ಗಾಡಿ ಬೇರೆಯವರದಾಗುತ್ತದೆ, ತಾನು ಹಿಂದಿನ ಸೀಟಿನಲ್ಲಿ ಗಂಟುಮೂಟೆಯ ಜೊತೆ. "ಏನಿಲ್ಲೋ, ದಣದೇನಿ," ಅಂದುಬಿಟ್ಟ.

ಭಾನುವಾರ ಮುಂಜಾನೆ ಕಡೆಯ ಕೊರಕಲು. ಎರಡೂ ಕಡೆ ಕಡಿದಾದ ದಂಡೆ, ನಡುವೆ ಸಡಿಲ ಕಲ್ಲು. ಕಾಂತೇಶ ಮುಂದೆ ನಿಂತು ಕೈಯಾಡಿಸಿದ. ಅಲ್ತಮಶನ ಕಣ್ಣಿಗೆ ಆ ಕೈ ಒಂದು ಕೊಳವೆಯೊಳಗಿಂದ ಕಂಡಂತೆ ಕಾಣುತ್ತಿತ್ತು, ಒಂದಿಷ್ಟು ಸರಿದರೆ ಮಾಯ. ಹಿಂದಿನ ದಿನವೆಲ್ಲ ಹೀಗೇ ಆಗಿತ್ತು. ಪ್ರತಿ ಸಲ ನಿಲ್ಲಿಸಿದರೆ ಸಂಶಯ ಬರುತ್ತದೆಂದು ಅವನು ಬರೀ ದನಿ ಕೇಳಿ ಗಾಡಿ ಇಳಿಸುವುದನ್ನು ರೂಢಿಸಿಕೊಂಡಿದ್ದ.

"ಬಾ, ಬಾ, ಎಡಕ್ಕ," ಎಂದ ಕಾಂತೇಶ. ಮುಂದಿನ ಚಕ್ರದ ಕೆಳಗಿನ ಕಲ್ಲು ಕದಲಿದ್ದು ಕಂಡು, ಅದಕ್ಕೆ ಇನ್ನೊಂದು ಕಲ್ಲು ಆನಿಸಲು ಪಕ್ಕಕ್ಕೆ ಬಂದು ಬಗ್ಗಿದ. ಕೈ ಮಾಯವಾಯಿತು. ಆಗಲೇ ದಂಡೆಯ ಮೇಲೆ ಮಲ್ಲಿಕಾರ್ಜುನ ತನ್ನ ಗಾಡಿಯನ್ನು ಗುರ್ರೆನಿಸಿದ. ಆ ಸದ್ದಿನಲ್ಲಿ ಕಾಂತೇಶ "ನಿಂದರು" ಅಂದನೋ, "ಬಾ" ಅಂದನೋ ತಿಳಿಯಲಿಲ್ಲ. ಅಲ್ತಮಶ ಬ್ರೇಕಿನಿಂದ ಕಾಲೆತ್ತಿದ.

ಚಕ್ರ ಏನನ್ನೋ ಹತ್ತಿ ಇಳಿಯಿತು. ಆಮೇಲೆ ಕೇಳಿದ ಚೀರಾಟ ಕಾಂತೇಶನದೆಂದು ನಂಬಲು ಅವನಿಗೆ ಹೊತ್ತು ಹಿಡಿಯಿತು.

ಮಲ್ಲಿಕಾರ್ಜುನನ ಗಾಡಿಯಲ್ಲಿ ಮಲಗಿಸಿಕೊಂಡು ರಾಮದುರ್ಗಕ್ಕೆ ಓಡಿದರು. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಳಗಾವಿಗೆ. ಬಲಗಾಲನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು. ಎಚ್ಚರಾದ ಮೇಲೆ ಕಾಂತೇಶ ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ: "ನಂದ ಕಾಲ ಜಾರಿತು. ಅಲ್ತಮಶಂದೇನೂ ತಪ್ಪಿಲ್ಲ."

ಆ ಮಾತನ್ನು ಹೊತ್ತು ತಿರುಗಲು ಅಲ್ತಮಶನಿಗೆ ಆಗಲಿಲ್ಲ. ವಾರ್ಡಿನಲ್ಲಿ ಇಬ್ಬರೇ ಇದ್ದಾಗ ಡಾಕ್ಟರು ಹೇಳಿದ್ದನ್ನೂ, ದನಿ ಕೇಳಿ ಗಾಡಿ ಇಳಿಸಿದ್ದನ್ನೂ ಒಂದೂ ಬಿಡದೆ ಹೇಳಿದ.

ಕಾಂತೇಶ ಸೂರು ನೋಡುತ್ತ ಮಲಗಿದ್ದ.

"ಅವತ್ತ ಸಂಜೀಕ ನಾ ಕೇಳಿದ್ನೆಲ್ಲೋ?"

"ಕೇಳಿದ್ದಿ."

"ನಾ ಕಂಬ ಹತ್ತಿ ಹೊಟ್ಟಿ ಹೊರಕೊಳ್ಳಾವಾ. ಗೊತ್ತಿತ್ತಲ್ಲ ನಿನಗ?"

ಅಲ್ತಮಶ ಮಂಚದ ಸರಳು ಹಿಡಿದು ನಿಂತಿದ್ದ.

"ಜಾರಿತು ಅಂತ ಹೇಳೇನಿ, ಹಂಗ ಇರಲಿ. ನಮ್ಮವ್ವನ ಮುಂದ ಬಾಯಿ ಬಿಡಬ್ಯಾಡ, ಆಕಿ ತಡಕೊಳ್ಳಂಗಿಲ್ಲ. ಇನ್ನ ನೀ ಬರಬ್ಯಾಡ." ಕಾಂತೇಶ ಮುಖವನ್ನು ಗೋಡೆಯ ಕಡೆ ಹೊರಳಿಸಿದ.

ಹೊರಗೆ ಬಂದರೆ ಬೆಂಚಿನ ಮೇಲೆ ಸಾವಂತ್ರೆವ್ವ, ಕಾಂತೇಶನ ತಾಯಿ, ಬುತ್ತಿ ಬಿಚ್ಚಿಕೊಂಡು ಕುಳಿತಿದ್ದಳು. ಮಗನಿಗೆಂದು ತಂದ ರೊಟ್ಟಿ, ಪುಂಡಿಪಲ್ಯೆ. ಅವನು ತಿನ್ನಲೊಲ್ಲೆ ಅಂದಿದ್ದನಂತೆ.

"ಬಾರೋ ತಮ್ಮಾ, ನಿನ್ನ ಮಾರಿ ನೋಡಾಕ ಆಗವಲ್ದು. ನೀನರ ಒಂದ ತುತ್ತ ತಿನ್ನು." ರೊಟ್ಟಿ ಮುರಿದು ಕೈಗಿಟ್ಟಳು. "ಅಂವಾ ಯಾರ ಕೂಡಾನೂ ಮಾತಾಡವಲ್ಲ. ನೀ ಅಂದ್ರ ಅವಂಗ ಜೀವ. ದಿನಾ ಬಂದ ಹೋಗಪಾ."

"ಬರತೇನಿ ಬೇ," ಅಂದ ಅಲ್ತಮಶ.

ಮುದುಕಿ ಅವನ ಬೆನ್ನು ಸವರುತ್ತಿದ್ದಳು. ಅವಳ ಕಣ್ಣೆದುರೇ ಆ ರೊಟ್ಟಿಯನ್ನು ಅಗಿದ, ಅಗಿದೇ ಅಗಿದ. ನುಂಗಲಾಗಲಿಲ್ಲ.