ಚಿಂದಿಯ ಹೊಟ್ಟೆ

ದರ್ಜಿ ಮತ್ತು ಅವನ ಹೆಂಡತಿ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಹೆಂಡತಿಯ ತಮ್ಮ ಅಂಗಡಿಗೆ ಬಂದು, ಹೊಲಿಸಿಕೊಂಡ ಕೋಟಿನ ಒಂದು ತೋಳು ಗಿಡ್ಡವಾಗಿದೆ ಎಂದಿದ್ದ. ದರ್ಜಿ ಕೊರಳಿನ ಟೇಪು ತೆಗೆದು ಅಳೆದು, "ತೋಳು ಸರಿಯಾಗೇ ಇದೆ. ನಿನ್ನ ಕೈಯೇ ಉದ್ದ. ಕಂಡೋರ ಜೇಬಿಗೆ ಹಾಕಿ ಹಾಕಿ ಬೆಳೆದಿದೆ" ಎಂದು ಗಿರಾಕಿಗಳ ಮುಂದೆಯೇ ಅಂದುಬಿಟ್ಟ. ಕೋಟನ್ನು ಅಲ್ಲೇ ಎಸೆದು ಹೋದ ತಮ್ಮ ತಿರುಗಿ ಬರಲಿಲ್ಲ. ಅಂದಿನಿಂದ ಹೆಂಡತಿ ಗಂಡನ ಮುಖ ನೋಡಿ ಮಾತಾಡಲಿಲ್ಲ. ಅವನೂ ಹಟಕ್ಕೆ ಬಿದ್ದ.

ಮುಂದೆ ಅಂಗಡಿ, ಹಿಂದೆ ಮನೆ. ಅವನು ಹೊಲಿದದ್ದಕ್ಕೆ ಅವಳು ಕಾಜಾ ಮಾಡಿ ಗುಂಡಿ ಹಾಕಬೇಕು. ಮಾತಿಲ್ಲದೆ ನಡೆಯುವುದು ಹೇಗೆ? ಅದಕ್ಕೆ ಚಿಂದಿ ಇದ್ದಳು. ಕತ್ತರಿಸಿ ಬಿದ್ದ ಬಟ್ಟೆ ಚೂರುಗಳ ಬುಟ್ಟಿಯಲ್ಲಿ, ಕಣ್ಣೂ ಬಿಡದ ಮರಿಯಾಗಿ ಸಿಕ್ಕ ಬೂದು ಬೆಕ್ಕು. ಮಿಷನ್ನಿನ ಪಕ್ಕದ ಹಲಗೆ ಅವಳ ಜಾಗ.

"ಚಿಂದೀ, ಊಟಕ್ಕೆ ಬರ್ತಾರಾ ಕೇಳೇ."

"ಈ ಪ್ಯಾಂಟು ಮುಗಿಸಿ ಬರ್ತೀನಿ ಅನ್ನು."

"ತಣ್ಣಗಾಯ್ತು ಅಂತ ಆಮೇಲೆ ಕೂಗಾಡಬಾರದು ಅನ್ನು."

"ಬಿಸಿ ಇದ್ದಾಗ ಏನು ಭಾರಿ ರುಚಿ ಇರ್ತಿತ್ತು ಅಂತ ಕೇಳು."

ಚಿಂದಿ ಇಬ್ಬರನ್ನೂ ನೋಡಿ ಆಕಳಿಸುತ್ತಿದ್ದಳು. ಪಕ್ಕದ ಇಸ್ತ್ರಿಯವನು ನಗುತ್ತಿದ್ದ. "ಅಣ್ಣಾ, ಈ ಬೆಕ್ಕನ್ನ ಚೆನ್ನಾಗಿ ನೋಡ್ಕೊ. ಇದು ಹೋದ್ರೆ ನಿಮ್ಮ ಸಂಸಾರಕ್ಕೆ ನಾಲಿಗೆನೇ ಇಲ್ಲ."

ಒಂದು ಬೆಳಿಗ್ಗೆ ಚಿಂದಿ ವಾಂತಿ ಮಾಡಿದಳು. ಬೆಕ್ಕು ವಾಂತಿ ಮಾಡುವುದೇನೂ ಹೊಸದಲ್ಲ. ಮೈ ನೆಕ್ಕಿ ನುಂಗಿದ ಕೂದಲನ್ನು ಕಕ್ಕಿ, ಏನೂ ಆಗದ ಹಾಗೆ ತಟ್ಟೆಯ ಮುಂದೆ ಬಂದು ಕೂರುತ್ತದೆ. ಈ ಸಲ ಕೂದಲಿರಲಿಲ್ಲ. ಬರೀ ಹಳದಿ ನೊರೆ. ತಟ್ಟೆಯ ಹತ್ತಿರವೂ ಅವಳು ಸುಳಿಯಲಿಲ್ಲ. ಕಪಾಟಿನ ಕೆಳಗೆ ನುಸುಳಿ, ಬೆನ್ನು ಗೂನು ಮಾಡಿಕೊಂಡು ಕೂತಳು.

ಗಂಡ ಹೆಂಡತಿ ಈಗ ಕಪಾಟಿನ ಜೊತೆ ಮಾತಾಡತೊಡಗಿದರು.

"ಅಜೀರ್ಣ ಆಗಿದೆ. ಇವತ್ತು ಏನೂ ಹಾಕಬೇಡ ಅಂತ ಅವಳಿಗೆ ಹೇಳು, ಚಿಂದಿ."

"ಬೆಣ್ಣೆ ನೆಕ್ಕಿಸಿದ್ರೆ ಕೂದಲು ಜಾರಿ ಬರುತ್ತೆ ಅನ್ನು."

ಅವಳು ಬೆಣ್ಣೆ ನೆಕ್ಕಿಸಿದಳು. ಅದೂ ವಾಪಸು ಬಂತು. ಮರುದಿನ ನೀರೂ ನಿಲ್ಲಲಿಲ್ಲ. ಹೆಂಡತಿ ನೆಲದ ಮೇಲೆ ಬಗ್ಗಿ, ಕಪಾಟಿನ ಕೆಳಗಿನ ಕತ್ತಲಿಗೆ ಹೇಳಿದಳು.

"ಡಾಕ್ಟರ ಹತ್ರ ಕರಕೊಂಡು ಹೋಗಲಿ ಅಂತ ಹೇಳೇ."

"ಹೇಳೋರು ನನ್ನ ಮುಖ ನೋಡಿ ಹೇಳಲಿ. ಈಗಲೇ ಅಂಗಡಿ ಮುಚ್ತೀನಿ ಅನ್ನು."

"ನೋಡೋ ಹಾಗಿದ್ರೆ ನೋಡ್ತಿರಲಿಲ್ವಾ ಅನ್ನು."

ಅಂಗಡಿ ಮುಚ್ಚಲಿಲ್ಲ. ದರ್ಜಿ ದಡ್ಡನಲ್ಲ. ದಡ್ಡನಾಗಿದ್ದರೆ ಯಾರ ಮಾತಾದರೂ ಕೇಳುತ್ತಿದ್ದ.

ಮಧ್ಯಾಹ್ನ ಚಿಂದಿ ತಾನಾಗಿ ಹೊರಬಂದು ಮರಳಿನ ಡಬ್ಬದಲ್ಲಿ ಕಕ್ಕಸಿಗೆ ಕೂತು ತಿಣುಕಿದಳು. ಎದ್ದಾಗ ಬಾಲದ ಕೆಳಗೆ ಬಿಳಿ ದಾರದ ತುದಿ ನೇತಾಡುತ್ತಿತ್ತು. ಗುಂಡಿ ಹಾಕುವ ದಪ್ಪ ದಾರ, ಮೇಣ ಹಚ್ಚಿದ್ದು.

ಸಡಿಲ ದಾರ ಕಂಡರೆ ದರ್ಜಿಯ ಕೈ ನಿಲ್ಲುವುದಿಲ್ಲ. ಗಿರಾಕಿಯ ತೋಳಿರಲಿ, ದಾರಿಯಲ್ಲಿ ಹೋಗುವವನ ಬೆನ್ನಿರಲಿ, ಬೆರಳಿಗೆ ಸುತ್ತಿ ಎಳೆದುಬಿಡುತ್ತಾನೆ. ಈಗಲೂ ಸುತ್ತಿದ, ಎಳೆದ. ಗೇಣುದ್ದ ಬಂದು ಬಿಗಿಯಿತು. ಚಿಂದಿ ಕಿರುಚಿದಳು. ಅವನು ಇನ್ನೊಮ್ಮೆ ಜಗ್ಗಿದ. ದಾರ ತುಂಡಾಯಿತು.

ಕಿರುಚಾಟ ಕೇಳಿ ಹೆಂಡತಿ ಬಾಗಿಲಿಗೆ ಬಂದಳು. ಅವನು ದಾರ ಎತ್ತಿ ಹಿಡಿದ. "ನೋಡು ಚಿಂದಿ, ಇದೇ ನೋಡು ನಿನ್ನ ರೋಗ."

"ಪೂರ್ತಿ ಬಂತಾ ಕೇಳೇ."

"ಬಂದಷ್ಟು ಬಂತು. ಉಳಿದದ್ದು ತಾನೇ ಬರುತ್ತೆ ಅನ್ನು."

ಅವಳ ಕೈಯೂ ಜೀವಮಾನವೆಲ್ಲ ದಾರ ಎಳೆದ ಕೈಯೇ. ಅದು ಸರಿ ಎಂದೇ ಅವಳಿಗೂ ತೋರಿತು. ಆ ದಿನ ಇಬ್ಬರೂ ಹೊಟ್ಟೆ ತುಂಬ ಉಂಡರು. ಆ ನೆಮ್ಮದಿಯಲ್ಲಿ ಇನ್ನೊಂದು ದಿನ ಹಾಳಾಯಿತು.

ಅದರ ಮರುದಿನ ಚಿಂದಿ ನೀರಿನ ಬಟ್ಟಲ ಮೇಲೆ ತಲೆ ಇಳಿಬಿಟ್ಟು ಬಿದ್ದಿದ್ದಳು. ಕುಡಿಯುತ್ತಿರಲಿಲ್ಲ. ಹೆಂಡತಿ ಯಾರಿಗೂ ಏನೂ ಹೇಳದೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಹೊರಟಳು. ದರ್ಜಿ ಗಿರಾಕಿಯ ಸೊಂಟದ ಅಳತೆ ಅರ್ಧಕ್ಕೇ ಬಿಟ್ಟು, ಟೇಪು ಕೊರಳಿಗೆ ಹಾಕಿಕೊಂಡೇ ಹಿಂದೆ ಓಡಿದ.

ಪ್ರಾಣಿಗಳ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದಳು. ಬಾಯಿ ತೆರೆಸಿ, ಗದ್ದದ ಕೆಳಗಿನಿಂದ ಬೆರಳು ಒತ್ತಿ ನಾಲಿಗೆ ಎತ್ತಿದಳು. ನಾಲಿಗೆಯ ಬುಡಕ್ಕೆ ದಾರ ಸುತ್ತಿಕೊಂಡು, ಮಾಂಸದೊಳಗೆ ಇಳಿದಿತ್ತು.

"ಒಂದು ತುದಿ ಇಲ್ಲಿ ಸಿಕ್ಕಿಕೊಂಡಿದೆ. ಉಳಿದದ್ದು ಕರುಳಿನ ಉದ್ದಕ್ಕೂ ಹೋಗಿದೆ. ಹಿಂದಿನಿಂದ ಯಾರಾದ್ರೂ ಎಳೆದ್ರಾ?"

ಇಬ್ಬರೂ ಬೆಕ್ಕಿನ ಕಡೆ ನೋಡಿದರು.

"ನಿಮ್ಮನ್ನೇ ಕೇಳ್ತಿರೋದು."

"ನಾನೇ" ಎಂದ ದರ್ಜಿ. "ಸಿಕ್ಕಿಕೊಂಡಿದ್ದು ಬರಲಿ ಅಂತ."

"ನೀವು ದರ್ಜಿ ಅಲ್ವಾ? ಎರಡೂ ಕಡೆ ಹಿಡಿದು ದಾರ ಎಳೆದ್ರೆ ಬಟ್ಟೆ ಏನಾಗುತ್ತೆ?"

ಅವನಿಗೆ ಅರ್ಥವಾಯಿತು. ನೆರಿಗೆ ಕೂರುತ್ತದೆ. ಇನ್ನೂ ಜಗ್ಗಿದರೆ ಬಟ್ಟೆಯೇ ಕೊಯ್ದುಹೋಗುತ್ತದೆ.

"ಒಂದು ಸಲ ವಾಂತಿ ಮಾಡಿ ಆಟ ಆಡ್ಕೊಂಡಿದ್ರೆ ಕಾಯಬಹುದು. ನೀರೂ ನಿಲ್ತಿಲ್ಲ, ಅನ್ನ ಮುಟ್ಟಲ್ಲ, ಮೂಲೆ ಸೇರಿದೆ ಅಂದ್ರೆ ಅವತ್ತೇ ತರಬೇಕಮ್ಮಾ. ದಾರ ಕಂಡ್ರೆ ಮುಟ್ಟಬಾರದು. ಯಾಕೆ ತರಲಿಲ್ಲ?"

ದರ್ಜಿ ಕೊರಳಿನ ಟೇಪು ತೆಗೆದು ಸುತ್ತತೊಡಗಿದ.

"ಹೊಟ್ಟೆ ಕೊಯ್ದು ನೋಡಬಹುದು. ಉಳಿಯೋ ಭರವಸೆ ಇಲ್ಲ. ಇಲ್ಲಾಂದ್ರೆ ನೋವಿಲ್ಲದ ಹಾಗೆ ಮಲಗಿಸಿಬಿಡಬಹುದು. ಏನು ಮಾಡಲಿ?"

"ಅವರನ್ನ ಕೇಳಿ" ಎಂದಳು ಹೆಂಡತಿ, ಡಾಕ್ಟರಮ್ಮನಿಗೆ.

"ಅವಳು ಹೇಳಿದ ಹಾಗೆ ಮಾಡಿ" ಎಂದ ದರ್ಜಿ, ಡಾಕ್ಟರಮ್ಮನಿಗೆ.

"ರೀ, ನಾನೇನು ನಿಮ್ಮಿಬ್ಬರ ಮಧ್ಯದ ದಲ್ಲಾಳಿನಾ? ಜೀವ ಹೋಗ್ತಿದೆ ಇಲ್ಲಿ. ಒಬ್ಬರನ್ನೊಬ್ಬರು ಕೇಳ್ಕೊಳ್ಳಿ!"

ದರ್ಜಿ ಹೆಂಡತಿಯ ಕಡೆ ತಿರುಗಿದ. ಇಷ್ಟು ವರ್ಷದ ಮೇಲೆ ಅವಳ ಮುಖ ನೇರ ನೋಡಿದ. ಕೆನ್ನೆ ಒಳಸೇರಿತ್ತು. ಅದು ಯಾವಾಗ ಆದದ್ದೋ ಅವನಿಗೆ ಗೊತ್ತಿರಲಿಲ್ಲ.

"ಏನೇ ಮಾಡೋಣ?" ಎಂದ.

ಅವಳೂ ಅವನನ್ನೇ ನೋಡಿದಳು. ತುಟಿ ಅಲುಗಿತು. ಆಮೇಲೆ ಮುಖ ತಿರುಗಿಸಿ, "ಕೊಯ್ದು ನೋಡಿ ಡಾಕ್ಟರಮ್ಮಾ" ಎಂದಳು.

ಹೊರಗಿನ ಬೆಂಚಿನ ಆ ತುದಿಗೆ ಅವಳು, ಈ ತುದಿಗೆ ಅವನು ಕೂತರು. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಬಂದಾಗ ಅವಳ ಮುಖ ನೋಡಿಯೇ ಇಬ್ಬರೂ ಎದ್ದು ನಿಂತರು.

"ಕರುಳು ತುಂಬಾ ಕಡೆ ಕೊಯ್ದುಹೋಗಿದೆ. ಮತ್ತಿನಿಂದ ಎಬ್ಬಿಸಲಿಲ್ಲ."

"ಹೊಲಿಯೋಕೆ ಆಗ್ತಿರಲಿಲ್ವಾ?" ಎಂದ ದರ್ಜಿ.

"ಬಟ್ಟೆ ಗಟ್ಟಿ ಇದ್ರೆ ತಾನೇ ಹೊಲಿಗೆ ನಿಲ್ಲೋದು? ಸೂಜಿ ಹಾಕಿದಲ್ಲೆಲ್ಲ ಹರೀತಿತ್ತು."

ಇದಕ್ಕಿಂತ ಬಿಡಿಸಿ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮನೆಯ ಹಿಂದಿನ ಗೋಡೆಯ ಪಕ್ಕ ಅವನು ಗುಂಡಿ ತೋಡಿದ. ಅವಳು ಬುಟ್ಟಿ ತಂದಿಟ್ಟಳು. ಮಣ್ಣು ಎಳೆಯುವಾಗ ಅವನು, "ಕೋಟಿನ ತೋಳು ಗಿಡ್ಡವೇ ಇತ್ತು ಕಣೇ. ನಾನೇ ತಪ್ಪು ಕತ್ತರಿಸಿದ್ದೆ" ಎಂದ. ಅವಳು ಕೈ ತೊಳೆಯಲು ಒಳಗೆ ಹೋದಳು. ಕೇಳಿಸಿತೋ ಇಲ್ಲವೋ, ಕೇಳಿಸಿಯೂ ಹೋದಳೋ, ಅವನು ಕೇಳಲಿಲ್ಲ.

ಮರುದಿನ ಊಟದ ಹೊತ್ತಿಗೆ ಅವಳು ಅಂಗಡಿಯ ಬಾಗಿಲಿಗೆ ಬಂದಳು. ಬಾಯಿ ತೆರೆದಳು. ಖಾಲಿ ಹಲಗೆ ನೋಡಿದಳು, ಬಾಯಿ ಮುಚ್ಚಿದಳು. ತಟ್ಟೆ ತಂದು ಮಿಷನ್ನಿನ ಮೇಲಿಟ್ಟು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಊಟದಲ್ಲಿ ಉಪ್ಪಿರಲಿಲ್ಲ. ಅವನು ಹಾಗೇ ತಿಂದ.